ಮೇಲಿನ ಮನೆಯ ತಂಬೂರಿ

ಶಂಶಾಬಾದ್
೧೧ ನವೆಂಬರ್ ೨೦೨೫, ಮಂಗಳವಾರ

ಅವ್ವಾ,

ಮೊದಲೇ ನಿನ್ನ ಕಾಲಿಗೆ ಬಿದ್ದುಬಿಡುತ್ತೇನೆ. ಅರ್ಧ ಓದುವಷ್ಟರಲ್ಲಿ ನೀನು ಬೈಯಲು ಶುರು ಮಾಡಿರುತ್ತೀಯ, ಆಮೇಲೆ ಬಿದ್ದರೆ ಉಪಯೋಗವಿಲ್ಲ.

ಮೆಹದಿಪಟ್ಟಣಂ ಇಲ್ಲಿಂದ ಒಂದು ಬಸ್ಸಿನ ದಾರಿ. ಇಷ್ಟಕ್ಕೆ ಪತ್ರ ಬರೆಯುವಂಥದ್ದು ಈ ಹುಡುಗಿಗೆ ಏನಾಗಿದೆ ಎಂದು ಕೇಳುತ್ತೀಯ. ಫೋನಿನಲ್ಲಿ ನಿನ್ನ ಮಾತು ನನಗೆ ಕೇಳಿಸುತ್ತಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಎರಡು ತಿಂಗಳಿಂದ ಬರೀ ಹೂಂ ಅನ್ನುತ್ತಾ ಬಂದೆ. ಯಾವುದಕ್ಕೆ ಹೂಂ ಅಂದೆನೋ, ಹೋದ ವಾರ ಐದು ಕಿಲೋ ಜೋಳದ ಹಿಟ್ಟು ಬಂತು. ನನ್ನ ಕೈಯಲ್ಲಿ ರೊಟ್ಟಿ ಆಗುವುದಿಲ್ಲ ಎಂದು ನಿನಗೂ ಗೊತ್ತು, ಜೋಳಕ್ಕೂ ಗೊತ್ತು.

ನನ್ನ ಎಡಗಿವಿ ಹೋಗಿದೆ ಅವ್ವಾ. ಬಲಗಿವಿಯೂ ಹೊರಟು ನಿಂತಿದೆ.

ಇದು ತಿಳಿದದ್ದು ನಿನ್ನಿಂದಲೇ. ದೀಪಾವಳಿಯ ವಾರ, ನಿನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಒಂದು ಹಾಡು ಕಟ್ಟಿ ಕಳಿಸಿದೆನಲ್ಲ. ನೀನು ಶಿಷ್ಯೆಯ ಕೈಯಿಂದ ವಾಟ್ಸಾಪಿನಲ್ಲಿ ಬರೆಸಿದೆ: ‘ಹಾಡು ಛಲೋ ಐತಿ. ಆದ್ರ ತಂಬೂರಿ ಯಾಕ ಬಿಟ್ಟಿ? ನೆಲಾ ಇಲ್ದ ಮನಿ ಕಟ್ಟೀಯಲ್ಲ.’ ನಾನು ನಕ್ಕುಬಿಟ್ಟೆ. ನಿನ್ನ ಫೋನು ಹಳೆಯದು, ಸಣ್ಣ ಸದ್ದು ಅದರಲ್ಲಿ ಬರುವುದಿಲ್ಲ ಎಂದುಕೊಂಡೆ. ಆಮೇಲೆ ಕಂಪ್ಯೂಟರ್ ತೆಗೆದು ನೋಡಿದೆ. ಸರೋದಿತ್ತು, ಪಿಟೀಲಿತ್ತು, ತಬಲಾ ಇತ್ತು. ತಂಬೂರಿಯನ್ನು ನಾನು ಹಾಕಿಯೇ ಇರಲಿಲ್ಲ.

ಯಾಕೆ ಗೊತ್ತೇನು? ನಾಲ್ಕು ತಿಂಗಳಿಂದ ಮೇಲಿನ ಮನೆಯಲ್ಲಿ ಯಾರೋ ಕರೆಂಟಿನ ತಂಬೂರಿ ಪೆಟ್ಟಿಗೆ ಹಚ್ಚಿಡುತ್ತಿದ್ದರು. ಸಣ್ಣಗೆ, ಬಿಡದೆ, ಒಂದೇ ಸ್ವರ. ಕೆಲಸದ ಗದ್ದಲದಲ್ಲಿ ನೆನಪಿರುತ್ತಿರಲಿಲ್ಲ, ಮನೆಗೆ ಬಂದು ಕೂತರೆ ಇರುತ್ತಿತ್ತು. ಈ ಶಂಶಾಬಾದಿನಲ್ಲೂ ಸಂಗೀತ ಕಲಿಯುವವರು ಬಂದರಲ್ಲ ಎಂದು ಖುಷಿಪಟ್ಟೆ. ಅದನ್ನೇ ಷಡ್ಜ ಮಾಡಿಕೊಂಡು ಹಾಡು ಕಟ್ಟಿದೆ. ಕಿವಿಯಲ್ಲಿ ಇದ್ದೇ ಇದ್ದದ್ದನ್ನು ಮತ್ತೆ ಹಾಕಬೇಕೆಂದು ತೋಚಲೇ ಇಲ್ಲ.

ನನ್ನ ಜೊತೆ ಮನೆ ಹಂಚಿಕೊಂಡಿರುವ ವರ್ಷಾಳನ್ನು ಕೇಳಿದೆ, ಇವತ್ತೂ ಮೇಲಿನವರು ಹಚ್ಚಿದ್ದಾರಲ್ಲ ಎಂದು. ಅವಳು ನನ್ನ ಮುಖ ನೋಡಿದಳು. ‘ಮ್ಯಾಲಿನ ಮನಿ ಯುಗಾದಿಯಿಂದ ಖಾಲಿ ಐತಲ್ಲ ರೇಣುಕಾ, ಕೀಲಿ ಹಾಕ್ಯಾರ’ ಅಂದಳು. ನಾನು ಮೆಟ್ಟಿಲು ಹತ್ತಿ ಆ ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ತಂಬೂರಿ ನಡೆದೇ ಇತ್ತು. ಕೆಳಗಿಳಿದೆ, ನಡೆದೇ ಇತ್ತು. ಬೀದಿಗೆ ಬಂದೆ, ಬೀದಿಯಲ್ಲೂ ಇತ್ತು. ಅದು ನುಡಿಯುತ್ತಿದ್ದದ್ದು ನನ್ನ ಕಿವಿಯೊಳಗೇ.

ಬೇಗಂಪೇಟೆಯ ಕಿವಿ ಡಾಕ್ಟರು ನೋಡಿದರು. ಒಳಗಿವಿಯ ನರ ಸತ್ತಿದೆಯಂತೆ, ಹೋದದ್ದು ಬರುವುದಿಲ್ಲವಂತೆ. ಇದ್ದದ್ದಾದರೂ ಉಳಿಯಬೇಕಾದರೆ ಈ ಕೆಲಸ ಬಿಡಬೇಕು, ಇಯರ್‌ಫೋನ್ ಮುಟ್ಟಲೇಬಾರದು ಅಂದರು. ಏಳು ವರ್ಷ ವಿಮಾನಗಳ ಮುಂದೆ ನಿಂತು ಕೈಕೋಲು ಬೀಸಿ ಅವುಗಳನ್ನು ನಿಲ್ಲಿಸಿದ್ದೇನೆ. ಆ ಇಂಜಿನ್ನುಗಳ ಸದ್ದೇ ತಿಂದುಹಾಕಿದೆ. ಅಷ್ಟು ಕೇಳಿಯೂ ಮರುದಿನದಿಂದ ಕೆಲಸಕ್ಕೆ ಹೋಗುತ್ತಲೇ ಇದ್ದೆ. ನಿನ್ನೆ ಸಾಮಾನಿನ ಗಾಡಿ ಹಿಮ್ಮುಖವಾಗಿ ನನ್ನ ಮೇಲೇ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಜೊತೆಗೆ ಕೆಲಸ ಮಾಡುವ ಸಂಗಣ್ಣ ತೋಳು ಹಿಡಿದು ಎಳೆದ. ‘ಅಕ್ಕಾ, ಸಾಯಾಕ ಹೊಂಟೀಯೇನ’ ಎಂದು ಕೂಗಿದ್ದು ಅವನ ತುಟಿ ನೋಡಿ ತಿಳಿಯಿತು. ಇವತ್ತು ಹೋಗಲಿಲ್ಲ. ಇನ್ನು ಹೋಗುವುದಿಲ್ಲ.

ಕೆಲಸ ಹೋದರೆ ಹೋಗಲಿ. ನನ್ನ ಹಾಡುಗಳ ಗತಿ ಏನು? ನೀನು ನಗುತ್ತೀಯ. ‘ಟುಂಯ್ ಟುಂಯ್ ಅನ್ನೂದಕ್ಕ ಸಂಗೀತ ಅಂತಾರೇನ’ ಎಂದು ನಾನು ಹದಿನೈದರವಳಿದ್ದಾಗ ಕೇಳಿದವಳು ನೀನು. ಅವತ್ತೇ ನಿನ್ನ ಪಾಠ ಬಿಟ್ಟವಳು ನಾನು. ಆ ಹಳೇ ವಿಡಿಯೊ ಗೇಮುಗಳಲ್ಲಿ ಒಂದು ಹೊತ್ತಿಗೆ ಮೂರೇ ಸ್ವರ ನುಡಿಯುತ್ತಿದ್ದವು ಅವ್ವಾ. ಆ ಮೂರರಲ್ಲೇ ಯಾರೋ ಗುಹೆ ಕಟ್ಟಿದ್ದರು, ಸಮುದ್ರ ಕಟ್ಟಿದ್ದರು. ಅದನ್ನು ಎಳೆ ಎಳೆಯಾಗಿ ಬಿಡಿಸಿ, ಒಂದನ್ನು ಸರೋದಿಗೆ, ಒಂದನ್ನು ಪಿಟೀಲಿಗೆ ಕೊಟ್ಟು ಮತ್ತೆ ಹೆಣೆಯುವುದು ನನ್ನ ಹುಚ್ಚು. ಯಾರೂ ಇನ್ನೂ ಮಾಡದ ಆಟಗಳಿಗೆ ನನ್ನದೇ ಹಾಡು ಬರೆಯುವುದು ಇನ್ನೊಂದು ಹುಚ್ಚು. ಆಟದ ಹಾಡಿಗೆ ಕೊನೆ ಇರುವುದಿಲ್ಲ, ಆಡುವವನು ಗೆಲ್ಲುವ ತನಕವೋ ಸಾಯುವ ತನಕವೋ ಸುತ್ತುತ್ತಿರುತ್ತದೆ. ಕೊನೆಯನ್ನು ನಾನೇ ಹುಡುಕಬೇಕು. ಹನ್ನೆರಡು ಹಾಡು ಕೊನೆಯಿಲ್ಲದೆ ಬಿದ್ದಿವೆ. ಸ್ವರಗಳು ತೆರೆಯ ಮೇಲೆ ಕಾಣುತ್ತವೆ, ಸರಿಯೋ ತಪ್ಪೋ ಪಕ್ಕದವರನ್ನು ಕೇಳಬೇಕು. ವರ್ಷಾ ಎಲ್ಲದಕ್ಕೂ ಛಲೋ ಐತಿ ಅನ್ನುತ್ತಾಳೆ. ಅವಳಿಗೆ ಮಿಕ್ಸರಿನ ಸದ್ದೂ ಛಲೋನೇ.

ನನಗೆ ಭಯವಾಗುತ್ತಿದೆ. ಬೆಳಗ್ಗೆ ಎದ್ದ ಕೂಡಲೇ ಕಿವಿಯ ಹತ್ತಿರ ಬೆರಳು ತಿಕ್ಕಿ ನೋಡುತ್ತೇನೆ, ಇವತ್ತು ಎಷ್ಟು ಉಳಿದಿದೆ ಎಂದು. ನಿನ್ನೆಗಿಂತ ಕಡಿಮೆ ಅನ್ನಿಸಿದರೆ ದಿನವಿಡೀ ಮತ್ತೆ ಮತ್ತೆ ತಿಕ್ಕಿ ನೋಡುತ್ತಿರುತ್ತೇನೆ.

ಗಂಟಲ ಆಪರೇಷನ್ ಆಗಿ ನಿನ್ನ ಹಾಡುವ ದನಿ ಹೋದಾಗ ನೀನು ಮೂರು ದಿನ ಗೋಡೆ ನೋಡುತ್ತಾ ಮಲಗಿದ್ದೆ. ನಾಲ್ಕನೇ ದಿನ ಎದ್ದು, ಹುಡುಗಿಯರನ್ನು ಕೂರಿಸಿಕೊಂಡು ಹಾರ್ಮೋನಿಯಂ ಮೇಲೆ ಪಾಠ ಶುರು ಮಾಡಿದೆ. ಆ ಮೂರು ದಿನ ಹೇಗೆ ದಾಟಿದೆ? ಅದೊಂದು ಪಾಠ ನನಗೆ ಹೇಳಿಕೊಡು. ಡಾಕ್ಟರು ಹೇಳಿ ನನ್ನದು ಇವತ್ತಿಗೆ ಒಂಬತ್ತನೇ ದಿನ, ಕೆಲಸದಿಂದ ಬಂದು ಇನ್ನೂ ಗೋಡೆಯನ್ನೇ ನೋಡುತ್ತಿದ್ದೇನೆ.

ಬಾ ಅವ್ವಾ. ತಂಬೂರಿ ತಗೊಂಡು ಬಾ, ಬಸ್ಸಿನಲ್ಲಿ ಕಷ್ಟವಾದರೆ ಆಟೊ ಮಾಡು. ಚಿಕ್ಕವಳಿದ್ದಾಗ ನೀನು ಮೀಟುತ್ತಿದ್ದರೆ ಅದರ ಬುರುಡೆಗೆ ಕೆನ್ನೆ ಹಚ್ಚಿ ನಿದ್ದೆ ಮಾಡುತ್ತಿದ್ದೆ. ಕಿವಿಗೆ ಸಿಗದಿದ್ದರೆ ಕೆನ್ನೆಗಾದರೂ ಸಿಕ್ಕೀತು. ಅಪ್ಪನಿಗೆ ಈಗಲೇ ಹೇಳಬೇಡ, ಬಿಪಿ ಏರುತ್ತದೆ. ಬಾಗಿಲು ಬಡಿದರೆ ನನಗೆ ತಿಳಿಯುವುದಿಲ್ಲ, ಸುಮ್ಮನೆ ದೂಡಿಕೊಂಡು ಒಳಗೆ ಬಾ.

ನಿನ್ನ ಹಟಮಾರಿ
ರೇಣುಕಾ

ತಾ.ಕ.: ಇಂಜಿನ್ನಿನ ಸದ್ದು ತಿಂದಿತು ಎಂದು ಮೇಲೆ ಬರೆದದ್ದು ಸುಳ್ಳು. ಡಾಕ್ಟರಿಗೂ ಅದೇ ಸುಳ್ಳು ಹೇಳಿದ್ದೇನೆ. ಕೆಲಸದಲ್ಲಿ ಕಿವಿಗೆ ದಪ್ಪ ಮುಚ್ಚಳ ಕೊಟ್ಟಿದ್ದರು, ಹಾಕಿಕೊಳ್ಳುತ್ತಲೂ ಇದ್ದೆ. ಅದರೊಳಗೆ ಯಾರಿಗೂ ಕಾಣದಂತೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಎರಡು ವರ್ಷ, ಪೂರ್ತಿ ಜೋರಾಗಿ. ಕೇಳುತ್ತಿದ್ದದ್ದು ಒಂದೇ ಕ್ಯಾಸೆಟ್ಟು, ಫೋನಿಗೆ ಇಳಿಸಿಕೊಂಡಿದ್ದೆ. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಟೇಪ್ ರೆಕಾರ್ಡರನ್ನು ಟೀವಿ ಮುಂದೆ ಹಿಡಿದು ಗುಹೆ ಆಟದ ಹಾಡು ತುಂಬಿಸಿಕೊಂಡಿದ್ದೆನಲ್ಲ, ಅದು. ಆ ಟುಂಯ್ ಟುಂಯ್ ಹಿಂದೆ, ಒಳಕೋಣೆಯಲ್ಲಿ ನೀನು ಹಾಡುತ್ತಿದ್ದೀಯ. ಬಹಳ ಸಣ್ಣಗೆ. ನಿನ್ನ ಹಾಡು ಉಳಿದಿರುವುದು ಅದೊಂದರಲ್ಲೇ. ಜೋರು ಮಾಡದೆ ಅದು ಕೈಗೆ ಸಿಗುತ್ತಿರಲಿಲ್ಲ. ಒಂದೊಂದೇ ಸ್ವರ ಹೆಕ್ಕಿ ಬರೆದು ಸರೋದಿಗೆ ಕೊಟ್ಟೆ, ಅದೇ ನಿನ್ನ ಹುಟ್ಟುಹಬ್ಬದ ಹಾಡು. ನಿನಗೆ ಗುರುತು ಸಿಗಲಿಲ್ಲ. ಇದರಲ್ಲಿ ನಿನ್ನ ತಪ್ಪು ಹುಡುಕಬೇಡ, ಜೋರು ಮಾಡಿದ್ದು ನನ್ನ ಬೆರಳು.

ಕ್ಯಾಸೆಟ್ಟು ಈ ಪತ್ರದ ಜೊತೆ ಇಟ್ಟಿದ್ದೇನೆ. ಕೊನೆಯಲ್ಲಿ ನೀನು ಹಾಡು ನಿಲ್ಲಿಸಿ ‘ರೇಣೂ, ಉಣ್ಣಾಕ ಬಾ’ ಎಂದು ಕರೆಯುತ್ತೀಯ. ಶನಿವಾರದಿಂದ ಅದು ನನ್ನ ಕಿವಿಗೆ ಸಿಗುತ್ತಿಲ್ಲ. ಅಪ್ಪನ ಟೇಪಿಗೆ ಹಾಕಿ ಕೇಳು, ಅಲ್ಲಿ ಇನ್ನೂ ಕರೆಯುತ್ತಿದ್ದೀಯಾ ನೋಡು.