ಒಂದನ್ನು ಎಂಟು ಮಾಡಿದ ಚಿತ್ರ

ಗುರುವಾರ, ಮಾರ್ಚ್ ೧೩

ಇನ್ನೂ ಮೈ ಉರಿಯುತ್ತಿದೆ. ಆ ಪ್ರೊಸೆಸರ್ ಚಿಪ್‌ನಲ್ಲಿ ಎಂಟು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಎಂಟು ಘಟಕಗಳು. ಬೇಕಾದ ಮಾಹಿತಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿಯಲ್ಲಿ ಮೊದಲ ಎರಡು ಹಂತದ್ದು ಪ್ರತಿ ಕೋರ್‌ಗೂ ಸ್ವಂತ. ಮೂರನೆಯ ಹಂತದ್ದು ಎಂಟಕ್ಕೂ ಸೇರಿ ಒಂದೇ. ಚಿಪ್‌ನ ಒಳಗನ್ನು ಅಳೆದು ತೋರಿಸುವ ನಮ್ಮ ಕಂಪನಿಯ ಸಾಫ್ಟ್‌ವೇರ್, ಪ್ರೊಫೈಲರ್, ಮಾತ್ರ ಅದನ್ನು ಪ್ರತಿ ಕೋರ್‌ನ ಕೆಳಗೂ ಚಿತ್ರಿಸಿ, ಎಲ್ಲ ಕೂಡಿಸಿ, ಮೂವತ್ತೆರಡು ಎಂಬಿಯನ್ನು ಇನ್ನೂರ ಐವತ್ತಾರು ಮಾಡಿ ತೋರಿಸುತ್ತಿದೆ. ಇದನ್ನು ನಂಬಿ ಪ್ರೋಗ್ರಾಂ ಬರೆದವರು, ಅದು ಯಾಕೆ ತೆವಳುತ್ತಿದೆ ಎಂದು ತಲೆ ಚಚ್ಚಿಕೊಳ್ಳಬೇಕು.

ಬೆಳಿಗ್ಗೆ ಬಾತ್‌ರೂಮಿನ ಬಾಗಿಲ ಮುಂದೆ ಟವಲ್ ಹಿಡಿದು ಸಾಲಿನಲ್ಲಿ ನಿಂತಾಗ ಅಕ್ಕನಿಗೆ ಇದನ್ನು ಹೇಳಿದೆ. "ಮನೇಲಿ ನಾಲ್ಕು ಜನ ಇದ್ದೀವಿ ಅಂತ ನಾಲ್ಕು ಬಾತ್‌ರೂಮ್ ಇದೆ ಅಂದ ಹಾಗಾಯ್ತಲ್ಲೇ!" ಎಂದು ನಕ್ಕಳು.

ಅದೇ ಮಾತನ್ನು ಮ್ಯಾನೇಜರ್‌ಗೆ ಹೇಳಿದೆ. ಮಹಾಶಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಚೆನ್ನಾಗಿ ಹೇಳಿದ್ರಿ ಮೇಡಂ, ಈಗ ಅರ್ಥ ಆಯ್ತು. ಆದ್ರೆ ಚಿಪ್ ಮಾರೋರೇ ನಮ್ಮ ಕಸ್ಟಮರು. ದೊಡ್ಡ ನಂಬರ್ ನೋಡಿ ಖುಷಿಯಾಗಿದ್ದಾರೆ. ಹಾಗೇ ಇರ್ಲಿ ಬಿಡಿ."

ಅರ್ಥವಾಗದೆ ಹಾಗೆಂದಿದ್ದರೆ ಸಹಿಸುತ್ತಿದ್ದೆ. ಅರ್ಥವಾದ ಮೇಲೆ ಹೇಳಿದನಲ್ಲ! ನಾನೋ, "ಸರಿ ಸಾರ್" ಎಂದೆ. ನನ್ನ ನಾಲಿಗೆಗೆ ಏನು ಧಾಡಿಯಾಗಿತ್ತು! ಆ ಚಿತ್ರ ಸರಿಪಡಿಸಲು ವಾರವಿಡೀ ಕೂತು ಮಾಡಿದ ತಿದ್ದುಪಡಿಯನ್ನು ನನ್ನ ಕೈಯಾರೆ ಅಳಿಸಿ ಬಂದೆ.

ನಾಳೆ ಬೆಳಿಗ್ಗೆ ಮತ್ತೆ ಅದೇ ಬಾಗಿಲು, ಅದೇ ಸಾಲು. ಅಕ್ಕ ಕೇಳದೆ ಬಿಡುವವಳಲ್ಲ: "ಏನೇ, ಈಗ ಎಷ್ಟು ಬಾತ್‌ರೂಮು?"

ನಾಲ್ಕು, ಅಕ್ಕ. ನಾನೇ ಒಪ್ಪಿ ಬಂದಿದ್ದೇನೆ, ನಾಲ್ಕು.