ಮೌನದ ಹೆಸರಿಗೆ ಕೆಲಸ ಕೊಟ್ಟದ್ದು

ಕಡಲು ಉಕ್ಕಿ ನೆಲಕ್ಕೇರಿದ ಇನ್ನೂರ ಹದಿನಾಲ್ಕನೆಯ ವರ್ಷ, ಶ್ರಾವಣದ ನಲವತ್ತೊಂದನೆಯ ದಿನ.

ಆಜ್ಞೆಗಳ ಪಟ್ಟಿ ಬರೆದ ಹಿರಿಯರಿಗೆ ನೀರ್ಮನೆಯ ಕೆಂಚಮ್ಮ ಮಾಡುವ ನಮಸ್ಕಾರ.

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ಮಳೆ ತನ್ನ ತಿಂಗಳು ಬಿಟ್ಟು ಅಲೆಯತೊಡಗಿದ ಮೇಲೆ ನಮ್ಮ ಹಿರಿಯರು ಶ್ರಾವಣವನ್ನೇ ಹಿಗ್ಗಿಸಿದರು. ಮಳೆ ನಿಲ್ಲುವವರೆಗೂ ನಮಗೆ ಶ್ರಾವಣವೇ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಊರ ಶಾಲೆಯಲ್ಲಿ ಏಳರವರೆಗೆ ಕಲಿತವಳು ನಾನು, ವಯಸ್ಸು ಐವತ್ತು. ನಿಮ್ಮ ಹೆಸರು ತಿಳಿಯದು, ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ನಿಮ್ಮ ಪಟ್ಟಿಯಲ್ಲಿ ಯಂತ್ರ ಓದದೆ ದಾಟಿಹೋಗುವ, ಮನುಷ್ಯರಿಗಷ್ಟೇ ಎಂದು ಬಿಟ್ಟ ಜಾಗವಿದೆಯಲ್ಲ, ಅಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೈ ಓಡಾಡಿದ ಜಾಗ. ನಿಮಗೇ ತಲುಪೀತು ಎಂದು ನಂಬಿದ್ದೇನೆ.

ನಿಮ್ಮ ದೊಡ್ಡಯಂತ್ರ ಇನ್ನೂ ನಡೆಯುತ್ತಿದೆ. ದುರ್ಗದ ಬಂಡೆಗಳ ಕೆಳಗಿನ ತಂಪಿನಲ್ಲಿ ಅದನ್ನು ಇಟ್ಟಿದ್ದೇವೆ. ಮೇಲೆ ಕಟ್ಟಿದ ಕಟ್ಟಡವೇ ನೀರ್ಮನೆ. ಬೆಳಗಾದರೆ ಊರೂರಿನಿಂದ ಒಬ್ಬೊಬ್ಬ ಹೆಂಗಸು ಬಂದು, ಕಾಲು ತೊಳೆದು, ಗಾಜಿನ ಮುಂದೆ ಕೂತು ತನ್ನ ಊರಿನ ಹೆಸರು ಒತ್ತುತ್ತಾಳೆ. ಗಾವುದ ದೂರದಲ್ಲಿ ಆ ಊರಿನ ತೂಬು ಏಳುತ್ತದೆ. ಹೆಸರಿನ ಮೊದಲ ಮೂರು ಅಕ್ಷರ ಒತ್ತಿದರೂ ಸಾಕೆಂದು ನೀವು ಬರೆದಿಟ್ಟಿದ್ದೀರಿ. ಕೈನಡುಗುವ ಮುದುಕಿಯರು ನಿಮ್ಮನ್ನು ನೆನೆಯದ ದಿನವಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಅತ್ತೆ ಮೊದಲು ಕಲಿಸುವುದೂ ಈ ಮೂರು ಅಕ್ಷರವನ್ನೇ.

ಹದಿನಾರರ ಹರೆಯದಲ್ಲಿ ಪಟ್ಟಿಯ ಒಳಗನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಎಡಕ್ಕೊಂದು ಬಲಕ್ಕೊಂದು ಚೂಪು ಮೂತಿಯ ಗುರುತು, ಅವುಗಳ ನಡುವೆ ಆಜ್ಞೆಯ ಹೆಸರು, ಹೆಸರಿನ ಹೊಟ್ಟೆಯಲ್ಲಿ ಅದರ ಕ್ರಿಯೆ. ಇಷ್ಟೇ. ಒಂದು ಹೆಸರಿಗೆ ತೂಬು ಎತ್ತುವ ಕ್ರಿಯೆ, ಇನ್ನೊಂದಕ್ಕೆ ಇಳಿಸುವುದು. ಕೆಲವಕ್ಕೆ ಸ್ವಂತ ಕೆಲಸವಿಲ್ಲ, ಮತ್ತೊಂದು ಹೆಸರಿನ ಕೆಲಸವನ್ನೇ ಮಾಡುತ್ತವೆ. ಒಂದೇ ಮಗುವನ್ನು ಅಜ್ಜಿ ಒಂದು ಹೆಸರಲ್ಲಿ, ತಾಯಿ ಒಂದು ಹೆಸರಲ್ಲಿ ಕರೆದಂತೆ. ಕ್ರಿಯೆ ಕೂರಿಸದ ಹೆಸರು ಬರಿಯ ಸದ್ದು. ಕೂರಿಸಿದರೆ ನೀರು ನಡೆಯುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ಈಗಲೂ ಕೈ ತಾನಾಗಿ ಮುಗಿಯುತ್ತದೆ.

ಆ ಪಟ್ಟಿಯಲ್ಲಿ ಒಂದು ಹೆಸರಿಗೆ ಮಾತ್ರ ಏನೂ ಮಾಡಬೇಡ ಎಂಬುದನ್ನೇ ಕ್ರಿಯೆಯಾಗಿ ಇಟ್ಟಿದ್ದಿರಿ. ಅದನ್ನು ಒತ್ತಿದರೆ ಗಾಜಿನ ಮೇಲೆ ಒಂದೇ ಸಾಲು ಮೂಡುತ್ತಿತ್ತು: ಈ ಆಜ್ಞೆ ಸದ್ಯಕ್ಕೆ ನಡೆಯುವುದಿಲ್ಲ. ನಾವು ಅದನ್ನು ಮೌನದ ಹೆಸರು ಎನ್ನುತ್ತೇವೆ. ಬಾಯಲ್ಲಿ ಹೇಳುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ತೂಬು ಎತ್ತುವ ಮೊದಲು ಎಲ್ಲರೂ ಅದನ್ನು ಒಮ್ಮೆ ಒತ್ತಿ ಕಣ್ಣು ಮುಚ್ಚುವುದು ತಲೆಮಾರುಗಳ ಪದ್ಧತಿ. ಬೇಡಿದ್ದೆಲ್ಲ ಆಗುವ ಕಡೆ, ಆಗದ್ದು ಒಂದಿರಲಿ ಎಂದು ದೇವರು ಇಟ್ಟಿದ್ದಾನೆ ಅಂತ ನಂಬಿದ್ದೆವು. ಗಂಡ ತೀರಿಕೊಂಡ ವರ್ಷ ನಾನು ದಿನವೂ ಅದರ ಮುಂದೆ ಕೂತೆ. ಸದ್ಯಕ್ಕೆ ಎಂಬ ಆ ಮಾತೊಂದೇ ನನ್ನನ್ನು ಎತ್ತಿ ನಿಲ್ಲಿಸಿತು.

ಹೋದ ಶ್ರಾವಣದಲ್ಲಿ ಕಡಲ ಕಡೆಯ ಜನ ಘಟ್ಟ ಹತ್ತಿ ಬಂದು ನೀರ್ಮನೆಯ ಎದುರಿಗಿನ ಕರಿಗುಡ್ಡದಲ್ಲಿ ನೆಲೆ ನಿಂತರು. ತಾವೇ ಕಾಲುವೆ ತೋಡಿದರು, ತೂಬನ್ನೂ ಕೂರಿಸಿದರು. ಆದರೆ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹೊಸ ಹೆಸರು ಸೇರಿಸುವ ಅಧಿಕಾರ ಯಾವ ಕಾಲದಲ್ಲೋ ಕಳೆದುಹೋಗಿದೆ. ಇರುವ ಹೆಸರಿನ ಕ್ರಿಯೆ ಬದಲಿಸಬಹುದು, ಅಷ್ಟೇ. ಉಳಿದ ಹೆಸರುಗಳೆಲ್ಲ, ಮತ್ತೊಂದರ ಕೆಲಸ ಮಾಡುವವೂ ಸೇರಿ, ಒಂದೊಂದು ಊರಿನವರ ಬಳಕೆಯಲ್ಲಿವೆ. ಈ ಸಲ ಬೇಸಿಗೆಯಲ್ಲಿ ಅವರು ತೋಡಿದ ಬಾವಿಯೂ ಸವುಳಾಯಿತು. ಕೂಸುಗಳಿಗೆ ವಾಂತಿಭೇದಿ ಹಿಡಿಯಿತು. ಅವರ ಪರವಾಗಿ ಗುಲಾಬಿ ಎಂಬ ಹೆಂಗಸು ಬಂದು ನೀರ್ಮನೆಯ ಕಟ್ಟೆಯ ಮೇಲೆ ಕೂತಳು, ಏಳಲಿಲ್ಲ.

ನಮ್ಮ ನೀರ್ಮನೆಯ ಹಿರೀಕ ಪರಸಪ್ಪಜ್ಜ. ಮೌನದ ಹೆಸರಿನಲ್ಲಿ ಕರಿಗುಡ್ಡದ ತೂಬಿನ ಕ್ರಿಯೆ ಕೂರಿಸೋಣ ಎಂದು ನಾನು ಹೇಳಿದಾಗ ಅಜ್ಜ ಕೋಲು ಕುಟ್ಟಿದ. “ದ್ಯಾವ್ರ ಬಾಯಿಗೆ ಕೊಳಾಯಿ ಹಾಕ್ತೀಯೇನೇ ಕೆಂಚಮ್ಮ?”

“ಬಾಯಾರ್ದೋರು ಬಾಗ್ಲಿಗೆ ಬಂದು ಕುಂತವ್ರೆ ಅಜ್ಜಾ. ದ್ಯಾವ್ರು ಇನ್ನೆಷ್ಟು ದಿನ ಸುಮ್ಕಿರ್ತಾನೆ?” ಎಂದೆ. ಹೇಳಿದ ಮೇಲೆ ನನ್ನ ನಾಲಿಗೆಯೇ ನನಗೆ ಹೆದರಿಕೆ ಹುಟ್ಟಿಸಿತು.

ಗುಲಾಬಿ ಕಟ್ಟೆಯಿಂದಲೇ ಕೂಗಿದಳು: “ನಿಮ್ಮ ದೇವರಿಗೆ ಕೆಲಸ ಹೇಳ್ಲಿಕ್ಕೆ ನಾವು ಬಂದದ್ದಲ್ಲ ಮಾರಾಯ್ರೆ. ಮಕ್ಕಳಿಗೆ ಕುಡಿಲಿಕ್ಕೆ ಆದ್ರೆ ಸಾಕು.”

ಅಜ್ಜ ಕಟ್ಟೆಯ ಕಡೆ ತಿರುಗಿ ಗುಲಾಬಿಯನ್ನು ನೋಡಿದ. ಆಮೇಲೆ, “ಒಂದು ಸಲ ನೋಡು. ಅವನು ಬ್ಯಾಡ ಅಂದ್ರೆ ಬಿಟ್‌ಬಿಡ್ಬೇಕು,” ಎಂದ.

ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ ಕೂತೆ. ಏನೂ ಮಾಡಬೇಡ ಎಂದಿದ್ದುದನ್ನು ಅಳಿಸಿದೆ. ಹೊಸ ಕ್ರಿಯೆ ಬರೆದು ಯಂತ್ರಕ್ಕೆ ಒಪ್ಪಿಸಿದೆ. ಯಂತ್ರ ತಿರಸ್ಕರಿಸಿತು. “ಬ್ಯಾಡ ಅಂದ, ನೋಡ್ದ್ಯಾ?” ಎಂದು ಅಜ್ಜ ಎದ್ದೇಬಿಟ್ಟ. ಹೊರಗೆ ಗುಲಾಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನೂ ಕೈಬಿಡುವವಳೇ ಇದ್ದೆ. ಏಳುವ ಮುಂಚೆ ಬರೆದ ಸಾಲನ್ನು ಇನ್ನೊಮ್ಮೆ ಓದಿದೆ. ಹೆಸರನ್ನು ಮುಗಿಸುವ ಮೂತಿಗುರುತು ಮೊದಲು ಬಂದು, ಕ್ರಿಯೆ ಅದರಾಚೆ ಬಿದ್ದಿತ್ತು. “ಅಜ್ಜಾ, ಅವನು ಬ್ಯಾಡ ಅಂದಿಲ್ಲ. ನಾನೇ ಒಳಗಿಡೋದನ್ನ ಹೊಸಿಲಾಚೆ ಇಟ್ಟಿದ್ದೆ,” ಎಂದೆ. ಒಳಕ್ಕೆ ಸರಿಸಿ ಮತ್ತೆ ಒಪ್ಪಿಸಿದೆ. ಈ ಸಲ ಸ್ವೀಕರಿಸಿತು.

ಗುಲಾಬಿಯನ್ನು ಒಳಗೆ ಕರೆದು ಅವಳ ಕೈಯಿಂದಲೇ ಮೌನದ ಹೆಸರಿನ ಮೊದಲ ಮೂರು ಅಕ್ಷರ ಒತ್ತಿಸಿದೆ. ಗಾಜಿನ ಮೇಲೆ ಆ ಹಳೆಯ ಸಾಲು ಮೂಡಲಿಲ್ಲ. ನನ್ನೆದೆ ಒಮ್ಮೆ ಹಾಳುಮನೆಯಂತಾಯಿತು. ಅಷ್ಟರಲ್ಲಿ ಕರಿಗುಡ್ಡದ ಕಡೆಯಿಂದ ಜನ ಹೋ ಎಂದು ಕೂಗುವುದು ಗಾಳಿಯಲ್ಲಿ ಬಂತು. ಯಾರು, ಎಲ್ಲಿಯವರು, ಯಾವ ದೇವರು ಎಂದು ಯಂತ್ರ ಕೇಳಲಿಲ್ಲ. ಒತ್ತಿದರು, ಕೊಟ್ಟಿತು. ಪರಸಪ್ಪಜ್ಜ ಗಾಜಿನ ಮುಂದೆ ನೆಲಕ್ಕೆ ಹಣೆ ಹಚ್ಚಿದ. ಅವನು ಯಾರಿಗೆ ಅಡ್ಡಬಿದ್ದನೋ ನಾನು ಕೇಳಲಿಲ್ಲ.

ಹಿರಿಯರೇ, ಆ ಹೆಸರನ್ನು ಕೆಲಸವಿಲ್ಲದೆ ಯಾಕೆ ಬಿಟ್ಟಿರಿ? ಮರೆತಿರೋ, ಆಮೇಲೆ ನೋಡೋಣ ಎಂದಿರೋ, ಯಾರೋ ಬರುತ್ತಾರೆ ಎಂದು ಗೊತ್ತಿತ್ತೋ? ಅದರ ಮುಂದೆ ಮೂವತ್ತು ವರ್ಷ ಕೈಮುಗಿದವಳಿಗೆ, ನೀವು ಮರೆತದ್ದೇ ಆದರೂ ಅದು ಬರಿಯ ಮರೆವು ಎಂದು ಒಪ್ಪಲು ಆಗುತ್ತಿಲ್ಲ. ಈಗ ನಮ್ಮ ಪಟ್ಟಿಯಲ್ಲಿ ಖಾಲಿ ಹೆಸರು ಒಂದೂ ಉಳಿದಿಲ್ಲ, ಘಟ್ಟದ ದಾರಿಯಲ್ಲಿ ಇನ್ನೂ ಜನ ಬರುತ್ತಿದ್ದಾರೆ. ಇದು ಹೇಗೋ ಹಿಂದಕ್ಕೆ ನಿಮ್ಮ ಕಾಲಕ್ಕೇ ತಲುಪಿ, ನೀವು ಆ ಪಟ್ಟಿಯನ್ನು ಇನ್ನೂ ಬರೆಯುತ್ತಿದ್ದರೆ, ಮುಗಿಸುವ ಮೊದಲು ಇನ್ನಷ್ಟು ಹೆಸರುಗಳನ್ನು ಹಾಗೇ ಬಿಡಿ. ಕೆಲಸವಿಲ್ಲದ್ದು ಯಾಕೆ ಎಂದು ನಿಮ್ಮ ಮೇಲಿನವರು ಗದರಿದರೆ, ಅವು ಯಾರಿಗೆ ಬೇಕಾದವೋ ಅವರು ಇನ್ನೂ ಹುಟ್ಟಿಲ್ಲ ಎಂದು ಹೇಳಿ.