ಅಪ್ಪನ ಬಸ್ಸು

ಅತ್ತೆಯವರಿಗೆ ನಮಸ್ಕಾರ,

ನಿನ್ನೆಯಿಂದ ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಅದಕ್ಕೇ ಸ್ಕೂಲ್ ಬಸ್ ತರೋಕೆ ಹೊರಡೋ ಮುಂಚೆ ಇದನ್ನು ಬರೆದಿಟ್ಟು ಹೋಗ್ತಿದ್ದೀನಿ.

ಹೌದು, ನಿನ್ನೆ ಬೆಳಿಗ್ಗೆ ನಿಮ್ಮ ಮೊಮ್ಮಗಳು ಶೂ ಕೈಯಲ್ಲಿ ಹಿಡ್ಕೊಂಡು ಬಸ್ಸಿನ ಹಿಂದೆ ಓಡಿ ಬರ್ತಿದ್ದಿದ್ದು ಕನ್ನಡಿಯಲ್ಲಿ ಕಾಣಿಸ್ತು. ಕಂಡೂ ಬ್ರೇಕ್ ಒತ್ತಲಿಲ್ಲ. ದಿನಾ ನೀವು ಎಬ್ಬಿಸಿ ಎಬ್ಬಿಸಿ ಸೋಲ್ತೀರಿ. ಅವಳು, "ಅಪ್ಪನ ಬಸ್ಸು ತಾನೆ, ಕಾಯುತ್ತೆ" ಅಂತ ಮಗ್ಗುಲು ಬದಲಾಯಿಸ್ತಾಳೆ. ಮೊನ್ನೆ ಹಾಗೆ ಕಾದಿದ್ದಕ್ಕೆ ಮಿಕ್ಕ ಮಕ್ಕಳೆಲ್ಲ ಪರೀಕ್ಷೆಗೆ ತಡವಾಗಿ ಹೋದರು. ಯಾರೂ ಬಾಯಿ ಬಿಡಲಿಲ್ಲ. ಡ್ರೈವರ್ ಮಗಳಲ್ವಾ.

ಬಸ್ಸು ತಪ್ಪಿದ್ದಕ್ಕೆ ನಿನ್ನೆ ಸ್ಕೂಲ್ ನಾಟಕದಲ್ಲಿ ಅವಳ ಪಾತ್ರವನ್ನು ಬೇರೆ ಹುಡುಗಿ ಮಾಡಿದಳು. ಸಂಜೆ ಮಗಳು ನನ್ನ ಹತ್ತಿರ ಬಂದು ಕೇಳಿದಳು, "ನಾಳೆನೂ ಬಿಟ್ಟು ಹೋಗ್ತೀಯಾ ಅಪ್ಪ?"

"ನೀನು ಗೇಟಲ್ಲಿ ನಿಂತಿದ್ರೆ ನಿಲ್ಲಿಸ್ತೀನಿ" ಅಂದೆ. ಅಲಾರಂ ಗಡಿಯಾರ ತಗೊಂಡು ಹೋಗಿ ದಿಂಬಿನ ಪಕ್ಕ ಇಟ್ಕೊಂಡಳು.

ನನ್ನದು ಕಲ್ಲೆದೆ ಅಂದಿರಿ. ಅನ್ನಿ, ಬೇಜಾರಿಲ್ಲ. ಆದರೆ ಇವತ್ತು ಅವಳನ್ನು ಎಬ್ಬಿಸಬೇಡಿ. ಅಲಾರಂ ಎಷ್ಟು ಬಡ್ಕೊಂಡರೂ ನೀವು ಅಡುಗೆಮನೆ ಬಿಟ್ಟು ಬರಬೇಡಿ. ಅವಳು ಏಳದೆ, ನೀವೊಬ್ಬರೇ ರಸ್ತೆಗೆ ಬಂದು ಕೈ ಅಡ್ಡ ಹಿಡಿದರೆ ನಾನು ನಿಲ್ಲಿಸಿಬಿಡ್ತೀನಿ, ಅತ್ತೆ. ಅಷ್ಟು ಗಟ್ಟಿಗನಲ್ಲ ನಾನು.

ನಿಮ್ಮ ಅಳಿಯ